ಕತ್ತಲೆಯ ರೋಲರ್ ಕೋಸ್ಟರ್: ದೀಪ ಹಾಕಿದರೆ ಒಳಗೆ ಏನು ಕಾಣುತ್ತದೆ?

ಈ ರಜೆಯಲ್ಲಿ ಫ್ಲೋರಿಡಾದ ಮ್ಯಾಜಿಕ್ ಕಿಂಗ್‌ಡಮ್‌ಗೆ ಹೊರಟಿದ್ದೀರಾ? ಹಾಗಿದ್ದರೆ ಸ್ಪೇಸ್ ಮೌಂಟನ್ ಸಾಲಿನಲ್ಲಿ ನಿಲ್ಲುವ ಮೊದಲು ಪಕ್ಕದಲ್ಲೇ ಇರುವ ಪೀಪಲ್‌ಮೂವರ್ ಹತ್ತಿ. ಟುಮಾರೊಲ್ಯಾಂಡ್‌ನ ಮೇಲೆ ನಿಧಾನವಾಗಿ ಸುತ್ತುವ ಈ ಪುಟ್ಟ ಗಾಡಿಗೆ ಎತ್ತರದ ನಿಯಮವಿಲ್ಲ. ಮಗುವಿನಿಂದ ಅಜ್ಜಿಯವರೆಗೆ ಎಲ್ಲರೂ ಕೂರಬಹುದು. ಹತ್ತುವ ಜಾಗ ಮಾತ್ರ ಚಲಿಸುತ್ತಲೇ ಇರುತ್ತದೆ, ಸೀರೆ ಉಟ್ಟವರ ಕೈ ಹಿಡಿದುಕೊಳ್ಳಿ. ಸ್ವಲ್ಪ ಹೊತ್ತಿಗೆ ಈ ಗಾಡಿ ಸ್ಪೇಸ್ ಮೌಂಟನ್ ಕಟ್ಟಡದ ಒಳಗೇ ನುಗ್ಗಿ ಹೊರಬರುತ್ತದೆ. ಸಾಮಾನ್ಯವಾಗಿ ಕಾಣುವುದು ಕತ್ತಲೆ, ಕೇಳುವುದು ಕಿರುಚಾಟ. ಆದರೆ ಏನೋ ತೊಂದರೆಯಾಗಿ ಕೋಸ್ಟರ್ ನಿಂತಿದ್ದರೆ ಒಳಗೆ ಕೆಲಸದ ದೀಪಗಳು ಉರಿಯುತ್ತಿರುತ್ತವೆ. ಆ ದಿನ ನಿಮ್ಮದು ಅದೃಷ್ಟ ಎಂದೇ ತಿಳಿಯಿರಿ.

ದೀಪದ ಬೆಳಕಿನಲ್ಲಿ ಅಂತರಿಕ್ಷವೂ ಇಲ್ಲ, ನಕ್ಷತ್ರವೂ ಇಲ್ಲ. ಇರುವುದು ದೊಡ್ಡ ಗೋದಾಮು. 1975ರ ಜನವರಿಯಲ್ಲಿ ತೆರೆದ, 183 ಅಡಿ ಎತ್ತರದ ಈ ಶಂಕುವಿನಾಕಾರದ ಕಟ್ಟಡದೊಳಗೆ ಆಲ್ಫಾ ಮತ್ತು ಒಮೆಗಾ ಎಂಬ ಎರಡು ಹಳಿಗಳು ಒಂದಕ್ಕೊಂದು ಸುತ್ತಿಕೊಂಡು ಹೋಗುತ್ತವೆ. ಸುತ್ತ ಉಕ್ಕಿನ ಕಂಬಗಳು, ಮೆಟ್ಟಿಲುಗಳು, ಕೆಲಸಗಾರರು ಓಡಾಡುವ ಕಿರಿದಾದ ಕಟ್ಟೆಗಳು. ರಾಕೆಟ್ಟಿನ ವೇಗ ಗಂಟೆಗೆ ಸುಮಾರು 45 ಕಿಲೋಮೀಟರ್. ನಮ್ಮೂರಿನ ಕೆಂಪು ಬಸ್ಸು ಹೈವೇಯಲ್ಲಿ ಇದಕ್ಕಿಂತ ಜೋರಾಗಿ ಹೋಗುತ್ತದೆ! ಉಳಿದ ವೇಗವನ್ನೆಲ್ಲ ಸೇರಿಸುವುದು ಕತ್ತಲೆ. ಹೆದರುವ ಮಕ್ಕಳಿಗೆ ಇದನ್ನು ಮೊದಲೇ ತೋರಿಸಿದರೆ ಭಯ ಅರ್ಧ ಇಳಿಯುತ್ತದೆ. ಪೀಪಲ್‌ಮೂವರ್‌ನಲ್ಲಿ ಕಾಣದಿದ್ದರೆ, ದೀಪ ಹಾಕಿ ತೆಗೆದ ವಿಡಿಯೊಗಳು ಯೂಟ್ಯೂಬ್‌ನಲ್ಲಿ ಬೇಕಾದಷ್ಟಿವೆ.

ಆ ವಿಡಿಯೊ ನೋಡಿದ ಮಕ್ಕಳು ಕೇಳುವ ಮೊದಲ ಪ್ರಶ್ನೆ, "ಆ ಕಂಬ ತಲೆಗೆ ಹೊಡೆಯಲ್ವಾ?" ಹೊಡೆಯುವುದಿಲ್ಲ. ಎತ್ತರದ ಮನುಷ್ಯ ಕೂತು ಕೈ ಚಾಚಿದರೆ ಎಲ್ಲಿಯವರೆಗೆ ತಲುಪುತ್ತದೆ ಎಂದು ಲೆಕ್ಕ ಹಾಕಿ, ಅದರಾಚೆಗೂ ಜಾಗ ಬಿಟ್ಟೇ ಹಳಿ ಹಾಕುತ್ತಾರೆ. ಆದರೆ ಆ ಲೆಕ್ಕದಲ್ಲಿರುವ ಮನುಷ್ಯ ಸೀಟಿನಲ್ಲಿ ಸರಿಯಾಗಿ ಕೂತಿದ್ದಾನೆ, ಅವನ ತೊಡೆಯ ಮೇಲೆ ಬಾರ್ ಇದೆ. ಎದ್ದು ನಿಲ್ಲುವವನಿಗೆ, ಪಕ್ಕಕ್ಕೆ ಬಾಗಿ ಸೆಲ್ಫಿ ಕೋಲು ಚಾಚುವವನಿಗೆ ಆ ಲೆಕ್ಕದಲ್ಲಿ ಜಾಗವಿಲ್ಲ.

ಎತ್ತರದ ನಿಯಮವೂ ಇಂಥದೇ ಲೆಕ್ಕ. ಇದು ಧೈರ್ಯದ ಪರೀಕ್ಷೆಯಲ್ಲ. ಬಾರ್ ಕೂರಬೇಕಾದ ಜಾಗದಲ್ಲಿ ಮಗುವಿನ ತೊಡೆ ಇದೆಯೇ, ತಿರುವಿನಲ್ಲಿ ಮೈ ಜಾರದೆ ನಿಲ್ಲುತ್ತದೆಯೇ ಎಂಬುದಷ್ಟೇ ಪ್ರಶ್ನೆ. ಫ್ಲೋರಿಡಾದ ಸ್ಪೇಸ್ ಮೌಂಟನ್‌ಗೆ 44 ಇಂಚು ಬೇಕು, ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ಅದೇ ಹೆಸರಿನ ಕೋಸ್ಟರ್‌ಗೆ 40 ಇಂಚು ಸಾಕು. ಸಿಂಗಾಪುರದ ಯೂನಿವರ್ಸಲ್‌ನಲ್ಲಿರುವ ಮಮ್ಮಿ ಕೋಸ್ಟರ್‌ಗೆ 122 ಸೆಂಟಿಮೀಟರ್. ಸೀಟು ಬೇರೆ, ತಿರುವು ಬೇರೆ, ಮೈ ಮೇಲೆ ಬೀಳುವ ಒತ್ತಡ ಬೇರೆ. "ಅಲ್ಲಿ ಬಿಟ್ಟಿದ್ದರು, ಇಲ್ಲಿ ಯಾಕೆ ಬಿಡಲ್ಲ?" ಎಂದು ಬಾಗಿಲಲ್ಲಿರುವ ಹುಡುಗಿಯ ಹತ್ತಿರ ವಾದ ಮಾಡುವುದರಲ್ಲಿ ಅರ್ಥವಿಲ್ಲ.

ಹೀಗೆ ಬುದ್ಧಿ ಹೇಳುವ ನಾನು ಒಮ್ಮೆ ಏನು ಮಾಡಿದೆ ಗೊತ್ತೇ? ಒಂದು ಮಾಲ್‌ನೊಳಗಿನ ಪಾರ್ಕು. ಮಗನಿಗೆ ಆಗ ಆರು ವರ್ಷ, ಅರ್ಧ ಇಂಚು ಕಡಿಮೆ. ಅಳುತ್ತಿದ್ದ. ಎರಡು ಗಂಟೆ ಕಾರು ಓಡಿಸಿಕೊಂಡು ಹೋಗಿದ್ದೆವು, ಟಿಕೆಟ್ಟಿಗೆ ಸುರಿದ ದುಡ್ಡು ಬೇರೆ. ಅವನ ಶೂ ಒಳಗೆ ಕಾಲುಚೀಲ ಮಡಚಿ ಇಟ್ಟೆ. ಅಳತೆಯಲ್ಲಿ ಪಾಸಾದ. ಒಳಗೆ ಕೂತ ಮೇಲೆ ನೋಡಿದರೆ ಇಬ್ಬರಿಗೂ ಒಂದೇ ಬಾರ್. ಅದು ನನ್ನ ದಪ್ಪ ತೊಡೆಗೆ ತಾಗಿ ಅಲ್ಲೇ ನಿಂತಿತು. ಅವನ ತೊಡೆಗೂ ಬಾರಿಗೂ ನಡುವೆ ನನ್ನ ಮುಷ್ಟಿ ಹಿಡಿಸುವಷ್ಟು ಜಾಗ. ಕೈ ಎತ್ತಿ ಕೂಗಿ ನಿಲ್ಲಿಸಿ ಎನ್ನಬೇಕಿತ್ತು, ನಾಚಿಕೆಯಾಗಿ ಸುಮ್ಮನಾದೆ. ಗಾಡಿ ಹೊರಟಿತು. ಉದ್ದಕ್ಕೂ ಅವನ ಅಂಗಿ ಹಿಡಿದುಕೊಂಡೇ ಇದ್ದೆ. ಮೊದಲ ತಿರುವಿನಲ್ಲೇ ಅವನು ಬಾರಿನ ಕೆಳಗೆ ಜಾರತೊಡಗಿದ್ದು ಕತ್ತಲಲ್ಲಿ ಕೈಗೆ ಗೊತ್ತಾಗುತ್ತಿತ್ತು. ಇಳಿದಾಗ ಮೊಣಕೈ ಕೆಂಪಾಗಿತ್ತು, ಅಷ್ಟೇ. ಅವನು ಕುಣಿಯುತ್ತಿದ್ದ. ನನಗೆ ಬೆಂಚಿನ ಮೇಲೆ ಕೂರದೆ ಆಗಲಿಲ್ಲ.

ಆದ್ದರಿಂದ ಜೋಡಿ ಸೀಟಿಗೆ ಒಂದೇ ಬಾರ್ ಇದ್ದರೆ ನೋಡಿಕೊಳ್ಳಿ, ಮಗುವಿನ ಪಕ್ಕ ದಪ್ಪಗಿರುವವರು ಕೂರುವುದು ಬೇಡ. ಸ್ಪೇಸ್ ಮೌಂಟನ್‌ನಲ್ಲಿ ಈ ತೊಂದರೆಯಿಲ್ಲ. ಅಲ್ಲಿ ಇರುವುದು ಇನ್ನೊಂದು ತೊಂದರೆ. ಒಬ್ಬರ ಹಿಂದೆ ಒಬ್ಬರು ಕೂರಬೇಕು, ಮಗುವಿನ ಕೈ ಹಿಡಿಯಲು ಆಗುವುದಿಲ್ಲ. ಏಳು ವರ್ಷದೊಳಗಿನ ಮಕ್ಕಳ ಜೊತೆ 14 ದಾಟಿದವರು ಇರಲೇಬೇಕು. ನೀವು ಮಗುವಿನ ಹಿಂದಿನ ಸೀಟಿನಲ್ಲಿ ಕೂತರೆ ನಿಮ್ಮ ದನಿಯಾದರೂ ಅದಕ್ಕೆ ಕೇಳುತ್ತದೆ.

ಮಧ್ಯದಲ್ಲಿ ಗಾಡಿ ನಿಂತರೆ ಗಾಬರಿ ಬೇಡ. ಹಳಿಯನ್ನು ಬ್ಲಾಕ್‌ಗಳಾಗಿ ಭಾಗ ಮಾಡಿರುತ್ತಾರೆ, ಒಂದು ಬ್ಲಾಕಿನಲ್ಲಿ ಒಂದೇ ಗಾಡಿ. ಮುಂದಿನ ಬ್ಲಾಕ್ ಖಾಲಿಯಾಗಿದೆ ಎಂದು ಸೆನ್ಸರ್‌ಗಳು ಹೇಳುವವರೆಗೆ ಕಂಪ್ಯೂಟರ್ ಹಿಂದಿನ ಗಾಡಿಯನ್ನು ಬಿಡುವುದಿಲ್ಲ. ರೈಲ್ವೆ ಸಿಗ್ನಲ್‌ನದೇ ಪದ್ಧತಿ. ಅಂದರೆ ಎಷ್ಟೋ ಸಲ ಗಾಡಿ ನಿಂತಿದೆ ಎಂದರೆ ವ್ಯವಸ್ಥೆ ಕೆಲಸ ಮಾಡಿದೆ ಎಂದೇ ಅರ್ಥ. ದೀಪ ಹತ್ತುತ್ತದೆ, ಸಿಬ್ಬಂದಿ ಆ ಕಿರಿದಾದ ಕಟ್ಟೆಯ ಮೇಲೆ ನಡೆದುಬಂದು ಇಳಿಸುತ್ತಾರೆ. ಅಲ್ಲಿಯವರೆಗೆ ಯಾರೂ ಬಾರ್ ಎತ್ತಲು ಹೋಗಬಾರದು, ಇಳಿಯಬಾರದು.

ಕಂಪ್ಯೂಟರ್ ಎಷ್ಟೇ ನೋಡಿಕೊಂಡರೂ ಬೋಲ್ಟ್ ಬಿಗಿ ಮಾಡಬೇಕಾದವನು ಮನುಷ್ಯ. ಕೆನಡಾದಲ್ಲಿರುವವರಿಗೆ ವೆಸ್ಟ್ ಎಡ್ಮಂಟನ್ ಮಾಲ್ ಗೊತ್ತಿರುತ್ತದೆ. ಅಲ್ಲಿನ ಮೈಂಡ್‌ಬೆಂಡರ್ ಎಂಬ ಒಳಾಂಗಣ ಕೋಸ್ಟರ್‌ನಲ್ಲಿ 1986ರ ಜೂನ್ 14ರಂದು ಕೊನೆಯ ಡಬ್ಬಿಯ ಚಕ್ರದ ಜೋಡಣೆ ಕಳಚಿತು, ಬಾರ್‌ಗಳು ತೆರೆದುಕೊಂಡವು, ಡಬ್ಬಿ ಕಾಂಕ್ರೀಟ್ ಕಂಬಕ್ಕೆ ಅಪ್ಪಳಿಸಿ ಮೂವರು ಸತ್ತರು. ಮರುವರ್ಷ ಮತ್ತೆ ತೆರೆದಾಗ ಡಬ್ಬಿಗಳನ್ನು ನಾಲ್ಕರಿಂದ ಮೂರಕ್ಕೆ ಇಳಿಸಿದ್ದರು, ಭುಜ ಹಿಡಿಯುವ ಪಟ್ಟಿಗಳು ಬಂದಿದ್ದವು. 2023ರಲ್ಲಿ ಅದನ್ನು ಶಾಶ್ವತವಾಗಿ ಮುಚ್ಚಿದರು. ಬೆಳಗ್ಗೆ ಬಾಗಿಲು ತೆರೆಯುವ ಮೊದಲು ಹಳಿಯ ಪರೀಕ್ಷೆ, ಖಾಲಿ ಗಾಡಿ ಓಡಿಸಿ ನೋಡುವುದು, ಇವೆಲ್ಲ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಫ್ಲೋರಿಡಾದಲ್ಲಂತೂ ಸಾವಿರಕ್ಕಿಂತ ಹೆಚ್ಚು ನೌಕರರಿದ್ದು ಸ್ವಂತ ಪರಿಶೀಲಕರನ್ನು ಇಟ್ಟುಕೊಂಡ ದೊಡ್ಡ ಪಾರ್ಕ್‌ಗಳಿಗೆ ರಾಜ್ಯದ ತಪಾಸಣೆಯಿಂದ ವಿನಾಯಿತಿ ಇದೆ. ಅವು ಗಂಭೀರ ಗಾಯಗಳ ವರದಿಯನ್ನು ಮೂರು ತಿಂಗಳಿಗೊಮ್ಮೆ ಸರ್ಕಾರಕ್ಕೆ ಕೊಡುತ್ತವೆ, ಅದನ್ನು ಯಾರು ಬೇಕಾದರೂ ಓದಬಹುದು. ಓದಿ ನೋಡಿ. ಅಲ್ಲಿ ಮತ್ತೆ ಮತ್ತೆ ಕಾಣುವುದು ಮುರಿದ ಹಳಿಯಲ್ಲ. ಎದೆನೋವು, ತಲೆಸುತ್ತು, ಮೊದಲೇ ಇದ್ದ ಕಾಯಿಲೆ.

ಇದನ್ನು ಹೇಳಲು ಕಾರಣವಿದೆ. ಊರಿನಿಂದ ಅಪ್ಪ ಅಮ್ಮ ಬಂದಾಗ ನಾವು ಅವರನ್ನೂ ಈ ಪಾರ್ಕ್‌ಗಳಿಗೆ ಕರೆದೊಯ್ಯುತ್ತೇವೆ. ಬಿಪಿ ಇದೆ, ಸ್ಟೆಂಟ್ ಹಾಕಿದೆ, ಸೊಂಟನೋವು ಇದೆ. ಮೊಮ್ಮಗಳು ಕೈ ಎಳೆಯುತ್ತಾಳೆ, "ಏನಾಗಲ್ಲ ಬಿಡೋ" ಎಂದು ತಾತ ಹೊರಟೇಬಿಡುತ್ತಾರೆ. ಬಾಗಿಲ ಬಳಿಯ ಎಚ್ಚರಿಕೆಯ ಫಲಕವನ್ನು ಅವರು ಓದಿರುವುದಿಲ್ಲ, ನಾವೂ ಓದಿ ಹೇಳಿರುವುದಿಲ್ಲ. ದಯವಿಟ್ಟು ನಿಂತು, ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿ: ಹೃದಯ, ರಕ್ತದೊತ್ತಡ, ಕುತ್ತಿಗೆ, ಬೆನ್ನು, ಇತ್ತೀಚಿನ ಆಪರೇಷನ್, ಗರ್ಭಿಣಿಯರು. ಕತ್ತಲಲ್ಲಿ ಮುಂದಿನ ತಿರುವು ಕಾಣದ್ದರಿಂದ ಕುತ್ತಿಗೆ ಮೊದಲೇ ಬಿಗಿಯಾಗುವುದಿಲ್ಲ, ಬಯಲಿನ ಕೋಸ್ಟರ್‌ಗಿಂತ ಇಲ್ಲಿ ಜರ್ಕ್ ಹೆಚ್ಚು ತಟ್ಟುತ್ತದೆ. ಅವರ ವಿಸಿಟರ್ ಇನ್ಶೂರೆನ್ಸ್ ಹಳೆಯ ಕಾಯಿಲೆಗೆ ಎಷ್ಟು ಕೊಡುತ್ತದೆ ಎಂದೂ ಮನೆಯಲ್ಲೇ ನೋಡಿಕೊಳ್ಳಿ. ಇನ್ನು ಸೆರಗು, ದುಪಟ್ಟಾ ಒಳಗೆ ಸಿಕ್ಕಿಸಿರಲಿ, ಕನ್ನಡಕ ಜೇಬಿನಲ್ಲಿರಲಿ. ಕತ್ತಲೆಯ ಕೋಸ್ಟರ್‌ನಲ್ಲಿ ಬಿದ್ದ ಫೋನು ಸಿಗುವುದು ಹೆಚ್ಚಾಗಿ ರಾತ್ರಿ ದೀಪ ಹಾಕಿದ ಮೇಲೆ.

ಒಂದು ಮಗು ಎತ್ತರಕ್ಕೆ ಬಂದಿಲ್ಲ, ಇನ್ನೊಂದು ಬಂದಿದೆ ಎಂದಾದರೆ ಬಾಗಿಲಲ್ಲಿ ರೈಡರ್ ಸ್ವಿಚ್ ಕೇಳಿ. ಯೂನಿವರ್ಸಲ್‌ನಲ್ಲಿ ಇದಕ್ಕೆ ಚೈಲ್ಡ್ ಸ್ವಾಪ್ ಎನ್ನುತ್ತಾರೆ. ಒಬ್ಬರು ಹೋಗಿ ಬರುವವರೆಗೆ ಇನ್ನೊಬ್ಬರು ಚಿಕ್ಕವರ ಜೊತೆ ಇರಬಹುದು. ಆಮೇಲೆ ಅವರು ಇಡೀ ಸಾಲನ್ನು ಮತ್ತೆ ನಿಲ್ಲಬೇಕಾಗಿಲ್ಲ. ಆ ಹೊತ್ತಿಗೆ ಚಿಕ್ಕವನನ್ನೂ ತಾತನನ್ನೂ ಮತ್ತೊಮ್ಮೆ ಪೀಪಲ್‌ಮೂವರ್ ಹತ್ತಿಸಿ. ಒಳಗೆ ಕತ್ತಲಲ್ಲಿ ಅಕ್ಕ ಕಿರುಚುವುದು ಕೇಳಿದರೂ ಕೇಳೀತು.