ಕನ್ನಡಕ ಮತ್ತು ಕಣ್ಪಾಪೆಗಳ ಅಂತರ



ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುವ ಕದರಮಂಡಲಗಿಯ ತಾಯಿಯೊಬ್ಬರು ಹಣೆನೋವೆಂದು ನಮ್ಮಲ್ಲಿಗೆ ಬಂದಿದ್ದರು. ಪಿತ್ತದ ಶಿರಃಶೂಲವೆಂದು ಬಗೆದು ನಾವು ತಿಂಗಳುಕಾಲ ಔಷಧ ಕೊಟ್ಟೆವು, ಗುಣವಾಗಲಿಲ್ಲ. ಕನ್ನಡಕ ತೆಗೆದಿಟ್ಟಾಗ ನೋವು ಇಳಿಯುವುದೆಂದು ಅವರೇ ಹೇಳಿದ ಮೇಲೆ ನೇತ್ರವೈದ್ಯರಲ್ಲಿಗೆ ಕಳುಹಿಸಿದೆವು. ಜಾತ್ರೆಯಲ್ಲಿ ಕೊಂಡ ಆ ಸಿದ್ಧ ಕನ್ನಡಕದ ನಂಬರು ಸರಿಯಾಗಿಯೇ ಇತ್ತು. ಆದರೆ ಅವರ ಕಣ್ಪಾಪೆಗಳ ಅಂತರ 58 ಮಿ.ಮೀ., ಗಾಜುಗಳ ಕೇಂದ್ರಗಳ ಅಂತರ 66 ಮಿ.ಮೀ.!

ಚನ್ನಂಗಿ ಬೇಳೆಗೂ ಕನ್ನಡಕದ ಗಾಜಿಗೂ ಮಸೂರವೆಂಬ ಒಂದೇ ಹೆಸರುಂಟು. ಸುಶ್ರುತಾಚಾರ್ಯರೂ ದೃಷ್ಟಿಯ ಗಾತ್ರವನ್ನು ಮಸೂರದ ಬೇಳೆಗೆ ಹೋಲಿಸಿದ್ದಾರೆ. ಗಾಜಿನ ಕೇಂದ್ರದಲ್ಲಿ ಹಾಯ್ದ ಬೆಳಕು ನೇರವಾಗಿ ಸಾಗುತ್ತದೆ, ಅಂಚಿನತ್ತ ಹಾಯ್ದುದು ಬಾಗುತ್ತದೆ. ಕೇಂದ್ರವು ಪಾಪೆಯ ಎದುರಿನಿಂದ ಸರಿದಿದ್ದರೆ ಎರಡು ಕಣ್ಣುಗಳ ನೋಟವನ್ನು ಒಂದುಗೂಡಿಸಲು ಸ್ನಾಯುಗಳು ಸದಾ ದುಡಿಯಬೇಕಾಗುತ್ತದೆ. ಅದರಿಂದಲೇ ಹಣೆನೋವು, ಕಣ್ಣುಬೇನೆ, ಒಮ್ಮೊಮ್ಮೆ ಎರಡಾಗಿ ಕಾಣುವಿಕೆ. ನಂಬರು ಹೆಚ್ಚಿದಷ್ಟೂ ಈ ದೋಷ ಹೆಚ್ಚು.

ಈ ಅಂತರವನ್ನು ಮನೆಯಲ್ಲಿಯೇ ಅಳೆಯಬಹುದು. ಬೆಳಕಿರುವ ಪಡಸಾಲೆಯಲ್ಲಿ ಇಬ್ಬರು ಸಮನೆತ್ತರದಲ್ಲಿ, ಒಂದು ಮೊಳದಷ್ಟು ದೂರದಲ್ಲಿ ಎದುರುಬದುರಾಗಿ ಕುಳಿತುಕೊಳ್ಳಬೇಕು. ಮಿ.ಮೀ. ಗುರುತಿರುವ ಅಳತೆಪಟ್ಟಿಯನ್ನು ಹುಬ್ಬುಗಳ ಕೆಳಗೆ, ಮೂಗಿನ ಮೇಲೆ ಅಡ್ಡಲಾಗಿ ಹಿಡಿಯಬೇಕು. ಅಳೆಯುವವರು ತಮ್ಮ ಬಲಗಣ್ಣು ಮುಚ್ಚಲಿ. ಎದುರಿನವರು ಅವರ ತೆರೆದ ಎಡಗಣ್ಣನ್ನೇ ದಿಟ್ಟಿಸಲಿ. ಪಟ್ಟಿಯ ಸೊನ್ನೆಯನ್ನು ಎದುರಿನವರ ಬಲಪಾಪೆಯ ನಡುವಿಗೆ ಹೊಂದಿಸಬೇಕು. ಬಳಿಕ ಪಟ್ಟಿ ಅಲುಗದಂತೆ ಅಳೆಯುವವರು ಎಡಗಣ್ಣು ಮುಚ್ಚಿ ಬಲಗಣ್ಣು ತೆರೆಯಲಿ; ಎದುರಿನವರು ಅದನ್ನು ದಿಟ್ಟಿಸುವಾಗ ಅವರ ಎಡಪಾಪೆಯ ನಡುವಿನ ಅಂಕೆಯನ್ನು ಓದಬೇಕು. ಮೂರು ಬಾರಿ ಅಳೆದು ಸರಾಸರಿ ತೆಗೆಯಿರಿ.

ನಮ್ಮವರ ಕಪ್ಪುಗಣ್ಣಿನಲ್ಲಿ ಪಾಪೆಯ ನಡು ಸುಲಭವಾಗಿ ಕಾಣದು. ಆಗ ಬಲಗಣ್ಣಿನ ಕರಿಗುಡ್ಡೆಯ ಹೊರ ಅಂಚಿನಿಂದ ಎಡಗಣ್ಣಿನ ಕರಿಗುಡ್ಡೆಯ ಒಳ ಅಂಚಿನವರೆಗೆ ಅಳೆದರೂ ಅದೇ ಅಂತರ ದೊರೆಯುತ್ತದೆ.

ಪ್ರಾಯದವರಲ್ಲಿ ಇದು ಸಾಮಾನ್ಯವಾಗಿ 54 ರಿಂದ 74 ಮಿ.ಮೀ. ಇರುತ್ತದೆ. ಇದು ದೂರದ ನೋಟದ ಅಳತೆ. ಓದು, ಹೊಲಿಗೆಗಳಿಗಾಗಿಯೇ ಇರುವ ಕನ್ನಡಕಕ್ಕೆ ಸುಮಾರು 3 ಮಿ.ಮೀ. ಕಡಿಮೆ ಬೇಕು, ಏಕೆಂದರೆ ಹತ್ತಿರ ನೋಡುವಾಗ ಕಣ್ಣುಗಳು ಒಳಮುಖವಾಗುತ್ತವೆ.

ಈ ಅಂಕೆಯನ್ನು ಬರೆದಿಟ್ಟುಕೊಂಡು ಅಂಗಡಿಯವರ ಅಳತೆಯೊಡನೆ ತಾಳೆ ನೋಡಿರಿ. ಮಕ್ಕಳು, ಮೆಳ್ಳೆಗಣ್ಣಿನವರು, ಹೆಚ್ಚು ನಂಬರಿನವರು ಮನೆಯ ಅಳತೆಯನ್ನು ನೆಚ್ಚದೆ ಯಂತ್ರದಿಂದಲೇ ಅಳೆಸಿಕೊಳ್ಳತಕ್ಕದ್ದು. ಅಳತೆಪಟ್ಟಿಯು ಅಂತರವನ್ನಷ್ಟೇ ಹೇಳುತ್ತದೆ. ನಂಬರನ್ನಾಗಲಿ ಕಣ್ಣಿನ ಪೊರೆಯನ್ನಾಗಲಿ ಹೇಳದು. ನಲವತ್ತು ದಾಟಿದವರಿಗೆ, ಸಕ್ಕರೆ ಕಾಯಿಲೆಯುಳ್ಳವರಿಗೆ ನೇತ್ರಪರೀಕ್ಷೆ ತಪ್ಪದಿರಲಿ.

ಆ ತಾಯಿಗೆ ಹೊಸ ಕನ್ನಡಕ ಬಂದ ವಾರದೊಳಗೆ ನೋವು ನಿಂತಿತು. ಅವರಿಗೆ ಬೇಕಾಗಿದ್ದುದು ನಮ್ಮ ಚೂರ್ಣವಲ್ಲ, ಸರಿಯಾದ ಅಳತೆ.