ಲೇಬಲ್ ಹಂಚಿಕೆ: ಹಲೋ ಬಂದರೂ ಸಂಪರ್ಕ ಏಳದಿದ್ದಾಗ

ಪ್ಯಾಕೆಟ್ಟಿನ ವಿಳಾಸವನ್ನು ಪ್ರತಿ ರೂಟರೂ ಹೊಸದಾಗಿ ಓದುವ ಬದಲು, ಜಾಲದ ಅಂಚಿನ ರೂಟರ್ ಅದಕ್ಕೆ ಲೇಬಲ್ ಎಂಬ 20 ಬಿಟ್‌ಗಳ ಸಂಖ್ಯೆಯನ್ನು ಅಂಟಿಸಿದರೆ, ಒಳಗಿನ ರೂಟರುಗಳು ಆ ಸಂಖ್ಯೆಯನ್ನಷ್ಟೇ ನೋಡಿ, ಬದಲಿಸಿ, ಮುಂದಕ್ಕೆ ಕಳಿಸುತ್ತವೆ; ಇದೇ ಎಂಪಿಎಲ್‌ಎಸ್. ಯಾವ ಜಾಲಕ್ಕೆ ಯಾವ ಸಂಖ್ಯೆ ಎಂದು ನೆರೆಯ ರೂಟರುಗಳು ಪರಸ್ಪರ ತಿಳಿಸಿಕೊಳ್ಳುವ ನಿಯಮಾವಳಿಗೆ ಎಲ್‌ಡಿಪಿ ಎಂದು ಹೆಸರು. ಸಿಸ್ಕೋ ರೂಟರಿನ ಇಂಟರ್‌ಫೇಸಿನಲ್ಲಿ ‘ಎಂಪಿಎಲ್‌ಎಸ್ ಐಪಿ’ ಆಜ್ಞೆ ಕೊಟ್ಟೊಡನೆ ಯುಡಿಪಿಯ 646ನೆಯ ಪೋರ್ಟಿನಲ್ಲಿ 224.0.0.2 ವಿಳಾಸಕ್ಕೆ ಹಲೋ ಸಂದೇಶಗಳು ಹೊರಡುತ್ತವೆ. ನೆರೆಯ ರೂಟರ್ ಪತ್ತೆಯಾದ ಮೇಲೆ ಅದೇ ಸಂಖ್ಯೆಯ ಟಿಸಿಪಿ ಪೋರ್ಟಿನಲ್ಲಿ ಸಂಪರ್ಕ ಏರ್ಪಟ್ಟು ಲೇಬಲ್‌ಗಳ ವಿನಿಮಯ ನಡೆಯುತ್ತದೆ. ಹಲೋ ಬಂದರೂ ಸಂಪರ್ಕ ಏಳದಿದ್ದರೆ ಮೊದಲು ಲೂಪ್‌ಬ್ಯಾಕ್ ಎಂಬ ರೂಟರಿನೊಳಗಿನ ಕಾಲ್ಪನಿಕ ಇಂಟರ್‌ಫೇಸಿನ ವಿಳಾಸವನ್ನೇ ನೋಡಬೇಕು: ರೂಟರಿನ ಗುರುತಾಗಿ ಬಳಕೆಯಾಗುವ ಆ ವಿಳಾಸವನ್ನು ರೂಟರುಗಳು ದಾರಿಗಳನ್ನು ಪರಸ್ಪರ ತಿಳಿಸಿಕೊಳ್ಳುವ ಓಎಸ್‌ಪಿಎಫ್ ನಿಯಮಾವಳಿಗೆ ಸೇರಿಸಿರದಿದ್ದರೆ, ಟಿಸಿಪಿಗೆ ಅಲ್ಲಿಗೆ ತಲುಪುವ ದಾರಿಯೇ ತಿಳಿಯುವುದಿಲ್ಲ.