ಹೊಗೆ ಇಲ್ಲದ ಕೆಂಡ ಅಪಾಯವಿಲ್ಲದ ಕೆಂಡವೇ? ಸೌದೆ, ಇದ್ದಿಲು ಒಲೆ ಬಳಸುವವರು ತಿಳಿದಿರಬೇಕಾದ ಸಂಗತಿಗಳು

ನವೆಂಬರ್ ಬಂತೆಂದರೆ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಸಂಜೆಗೇ ಚಳಿ ಶುರು. ಅದರ ಜೊತೆಗೆ ಒಂದಷ್ಟು ಸಲಹೆಗಳೂ ಬಾಯಿಂದ ಬಾಯಿಗೆ, ಫೋನಿಂದ ಫೋನಿಗೆ ಓಡಾಡುತ್ತವೆ. ಸೌದೆಯಲ್ಲಿ ಹೊಗೆ ಇದೆ, ಇದ್ದಿಲಿನಲ್ಲಿ ಇಲ್ಲ, ಹಾಗಾಗಿ ಇದ್ದಿಲ ಕೆಂಡವನ್ನು ಕೋಣೆಯೊಳಗೆ ಇಟ್ಟುಕೊಂಡರೆ ತೊಂದರೆ ಇಲ್ಲ ಅನ್ನುವುದು ಒಂದು. ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟರೆ ವಿಷಗಾಳಿಯನ್ನು ಅದೇ ಹೀರಿಕೊಳ್ಳುತ್ತದೆ ಅನ್ನುವುದು ಇನ್ನೊಂದು. ಎರಡೂ ತಪ್ಪು. ಇವನ್ನು ನಂಬಿ ಮಲಗಿದವರು ಬೆಳಿಗ್ಗೆ ಏಳದೇ ಇರಬಹುದು.

2023ರ ಸೆಪ್ಟೆಂಬರ್‌ನಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಕೋಳಿ ಫಾರಂನಲ್ಲಿ ಕೆಲಸಕ್ಕಿದ್ದ ನೇಪಾಳ ಮೂಲದ ಒಂದೇ ಕುಟುಂಬದ ನಾಲ್ವರು ಮಲಗಿದ್ದ ಕೋಣೆಯಲ್ಲೇ ಸತ್ತು ಬಿದ್ದಿದ್ದರು. ರಾತ್ರಿ ಇದ್ದಿಲು ಹೊತ್ತಿಸಿಟ್ಟು, ಬಾಗಿಲು ಕಿಟಕಿ ಮುಚ್ಚಿ ಮಲಗಿದ್ದರು, ಉಸಿರುಗಟ್ಟಿ ಸತ್ತಿರಬಹುದು ಎಂದು ಆಗ ಪತ್ರಿಕೆಗಳು ವರದಿ ಮಾಡಿದವು. ಇಂಥ ಸುದ್ದಿ ಓದಿದಾಗ ನಮಗೆ ಏಳುವ ಪ್ರಶ್ನೆ ಒಂದೇ: ನಾಲ್ಕು ಜನರಲ್ಲಿ ಒಬ್ಬರಿಗಾದರೂ ಎಚ್ಚರ ಆಗಬೇಡವೇ? ಆಗುವುದಿಲ್ಲ. ಅದಕ್ಕೆ ಕಾರಣ ಕೆಂಡದ ಒಳಗೆ ನಡೆಯುವ ರಸಾಯನ ಕ್ರಿಯೆಯಲ್ಲಿದೆ.

ಕೆಂಡದೊಳಗೆ ಏನಾಗುತ್ತದೆ?

ಇದ್ದಿಲು ಅಂದರೆ ಬಹುಪಾಲು ಇಂಗಾಲ. ಅಗ್ಗಿಷ್ಟಿಕೆಯ ತಳದಲ್ಲಿ ಗಾಳಿ ಚೆನ್ನಾಗಿ ಸಿಗುವ ಕಡೆ ಇಂಗಾಲ ಪೂರ್ತಿ ಉರಿದು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಆ ಅನಿಲ ಮೇಲೆ ಏರುವಾಗ ನಿಗಿನಿಗಿ ಕೆಂಡದ ಮೂಲಕ ಹಾಯಬೇಕು. ಅಲ್ಲಿ ಶಾಖ ಇದೆ, ಇಂಗಾಲ ಇದೆ, ಆದರೆ ಆಮ್ಲಜನಕ ಇಲ್ಲ. ಹಾಗಾಗಿ ಅದು ಇನ್ನೊಂದು ಇಂಗಾಲದ ಕಣವನ್ನು ಸೇರಿಸಿಕೊಂಡು ಕಾರ್ಬನ್ ಮೊನಾಕ್ಸೈಡ್ ಆಗಿಬಿಡುತ್ತದೆ. ಕೆಂಡದ ಮೇಲೆ ಕೆಲವೊಮ್ಮೆ ತೆಳ್ಳಗೆ ನೀಲಿ ಜ್ವಾಲೆ ಆಡುವುದನ್ನು ನೀವು ನೋಡಿರುತ್ತೀರಿ. ಅದು ಈ ಅನಿಲವೇ ಉರಿಯುತ್ತಿರುವುದು. ನೀಲಿ ಜ್ವಾಲೆ ನಿಂತ ಮೇಲೆ, ಕೆಂಡ ಸುಮ್ಮನೆ ಕೆಂಪಗೆ ಕೂತಿರುವಾಗ, ಉರಿಯದೆ ಉಳಿದ ಅನಿಲ ನೇರ ಕೋಣೆಗೆ ಬರುತ್ತದೆ. ರಾತ್ರಿ ಪೂರ್ತಿ ಬಿಸಿ ಇರಲಿ ಎಂದು ಬೂದಿ ಮುಚ್ಚಿಟ್ಟರೂ ಅಷ್ಟೆ. ಅರ್ಧ ಉಸಿರುಗಟ್ಟಿದ ಕೆಂಡ ಇನ್ನೂ ಹೆಚ್ಚು ಹೊತ್ತು ಇದನ್ನೇ ಬಿಡುತ್ತಿರುತ್ತದೆ.

ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣುರಿ ಕೆಮ್ಮು ಇಲ್ಲ. ಸೌದೆ ಹೊಗೆ ಕನಿಷ್ಠ ಕೆಮ್ಮಿಸಿ ನಿಮ್ಮನ್ನು ಹೊರಗೆ ಓಡಿಸುತ್ತದೆ. ಇದು ಹಾಗಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ಹೊಟ್ಟೆ ತೊಳಸುವುದು, ಮಂಪರು. ನಿದ್ದೆಯಲ್ಲಿದ್ದವರಿಗೆ ಇದ್ಯಾವುದೂ ಗೊತ್ತಾಗದೆ ನೇರ ಪ್ರಜ್ಞೆ ತಪ್ಪುತ್ತದೆ.

ಬಕೆಟ್ ನೀರಿನ ಮಾತಿಗೆ ಬಂದರೆ, ಈ ಅನಿಲ ನೀರಿನಲ್ಲಿ ಕರಗುವುದೇ ಇಲ್ಲ ಎನ್ನುವಷ್ಟು ಕಡಿಮೆ. ನೀರಿನ ಮೇಲೆ ಬರೀ ಕಾರ್ಬನ್ ಮೊನಾಕ್ಸೈಡೇ ತುಂಬಿದ್ದರೂ ಒಂದು ಲೀಟರಿಗೆ 30 ಮಿಲಿಗ್ರಾಂ ಆಸುಪಾಸು ಕರಗಬಹುದು. ನೀರು, ಈರುಳ್ಳಿ, ತುಳಸಿ ಕುಂಡ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಬೆಂಕಿ ಹೊತ್ತಿಕೊಂಡರೆ ಆರಿಸಲು ಬಕೆಟ್ ಇರಲಿ, ಬೇಡ ಅನ್ನುವುದಿಲ್ಲ. ‘ಈ ಅನಿಲ ಭಾರ, ನೆಲದ ಮೇಲೇ ಇರುತ್ತದೆ, ಮಂಚದ ಮೇಲೆ ಮಲಗಿದರೆ ಸಾಕು’ ಎನ್ನುವ ಮಾತೂ ಇದೆ. ನಿಜದಲ್ಲಿ ಅದು ಗಾಳಿಗಿಂತ ಒಂಚೂರು ಹಗುರ, ಇಡೀ ಕೋಣೆಯಲ್ಲಿ ಬೆರೆತುಹೋಗುತ್ತದೆ.

ಯಾರಿಗೆ ಹೆಚ್ಚು ಅಪಾಯ?

ಬೆಂಗಳೂರು ಗ್ರಾಮಾಂತರದಲ್ಲಿ ಇದ್ದಿಲು ಚಳಿ ಕಾಯಿಸಲು ಮಾತ್ರ ಅಲ್ಲ. ರೇಷ್ಮೆ ಚಾಕಿ ಕೋಣೆಯಲ್ಲಿ ಎಳೆ ಹುಳುವಿಗೆ 27–28 ಡಿಗ್ರಿ ಬಿಸಿ ಬೇಕು, ಚಳಿಗಾಲದಲ್ಲಿ ಅಲ್ಲಿ ಇದ್ದಿಲ ಒಲೆ ಇಡುವವರಿದ್ದಾರೆ. ಕೋಳಿಮರಿಗಳಿಗೆ ಕಾವು ಕೊಡಲೂ ಇಡುತ್ತಾರೆ. ಹುಳುವಿಗೆ, ಮರಿಗೆ ಚಳಿ ತಾಗಬಾರದೆಂದು ಸಂದುಗೊಂದಿಗೆಲ್ಲ ಗೋಣಿತಾಟು ಸಿಕ್ಕಿಸಿರುತ್ತಾರೆ. ರಾತ್ರಿ ಸೊಪ್ಪು ಹಾಕಲು, ಮೇವು ನೋಡಲು ಹೋದವರು ಅಲ್ಲೇ ಒಂದು ಮೂಲೆಯಲ್ಲಿ ಒರಗಿದರೆ ಕಥೆ ಮುಗಿಯಿತು. ಬಡಾವಣೆ ಕೆಲಸದ ಶೀಟ್ ಮನೆಗಳಲ್ಲಿ ಸಿಮೆಂಟ್ ಬಾಂಡ್ಲಿಯೇ ಅಗ್ಗಿಷ್ಟಿಕೆ. ಹೊಸಕೋಟೆಯಲ್ಲಿ ಬೆಳಗಿನ ಜಾವ ಬಿರಿಯಾನಿ ಹಂಡೆಯ ಮುಚ್ಚಳದ ಮೇಲೆ ಸುರಿಯುವ ಕೆಂಡದಿಂದ ತೊಂದರೆ ಕಡಿಮೆ, ಅದು ಬಯಲಲ್ಲಿ ಇರುವವರೆಗೆ. ಉಳಿದ ಕೆಂಡವನ್ನು ಬಿಸಿ ಇದೆ ಎಂದು ಒಳಗೆ ಎತ್ತಿಕೊಂಡು ಹೋದಾಗ ಲೆಕ್ಕ ಬದಲಾಗುತ್ತದೆ.

ಇದ್ದಿಲೇ ಬೇರೆ, ಗಣಿಯಿಂದ ತೆಗೆಯುವ ಕಲ್ಲಿದ್ದಲೇ ಬೇರೆ. ಕಲ್ಲಿದ್ದಲಿನಲ್ಲಿ ಗಂಧಕ, ಕೆಲವೊಮ್ಮೆ ಆರ್ಸೆನಿಕ್, ಫ್ಲೋರೈಡ್ ಕೂಡ ಇರುತ್ತವೆ. ಸಂಸ್ಕರಿಸದ ಕಲ್ಲಿದ್ದಲನ್ನು ಮನೆಯಲ್ಲಿ ಉರಿಸಲೇಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರ ಮಾರ್ಗಸೂಚಿಯಲ್ಲಿ ಹೇಳಿದೆ. ಕಡಿಮೆ ರೇಟಿಗೆ ಸಿಕ್ಕಿತೆಂದು ತಂದು ಅಡುಗೆ ಒಲೆಗೆ ಹಾಕಬೇಡಿ.

ಸೌದೆ ಒಲೆ ಇದ್ದೇ ಇರುತ್ತದೆ, ಸರಿಯಾಗಿ ಕಟ್ಟೋಣ

ಗ್ಯಾಸ್ ಬಂದ ಮೇಲೂ ಬಚ್ಚಲ ಹಂಡೆಗೆ, ಹಬ್ಬದ ಅಡುಗೆಗೆ, ಮುದ್ದೆಗೆ ಸೌದೆ ಬೇಕೇ ಬೇಕು. ನೀಲಗಿರಿ ರೆಂಬೆ, ಹಿಪ್ಪುನೇರಳೆ ಕಡ್ಡಿ, ತೆಂಗಿನ ಮಟ್ಟೆ ದುಡ್ಡಿಲ್ಲದೆ ಸಿಗುವಾಗ ಬೇಡ ಎನ್ನಲು ಯಾರಿಗೆ ಮನಸ್ಸು ಬರುತ್ತದೆ? ‘ಸೌದೆ ಒಲೆ ಬಿಡಿ’ ಎಂದಷ್ಟೇ ಹೇಳಿ ಮುಗಿಸುವ ಲೇಖನಗಳಿಂದ ಯಾರಿಗೂ ಉಪಯೋಗವಿಲ್ಲ.

ನಮ್ಮ ಪಕ್ಕದಲ್ಲೇ ಇದಕ್ಕೆ ಕೆಲಸ ನಡೆದಿದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ವಿಭಾಗ ಶುರುವಾಯಿತು, ಹಳ್ಳಿಗೆ ಬೇಕಾದ ವಿಜ್ಞಾನ ಅದರ ಗುರಿ. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ. ಮೂರು ಪಾತ್ರೆ ಕೂರುವ, ಸುತ್ತ ಮುಚ್ಚಿದ ಮಣ್ಣಿನ ಒಲೆ. ಕೆಳಗೆ ಕಬ್ಬಿಣದ ಜಾಲರಿ, ಹಿಂದೆ ಹೊಗೆ ಕೊಳವೆ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದಲ್ಲಿ ಪಾತ್ರೆಗೆ ತಲುಪುವುದು ಸುಮಾರು ಹತ್ತನೇ ಒಂದು ಭಾಗ, ಉಳಿದದ್ದು ಗಾಳಿಗೆ, ಗೋಡೆಗೆ, ಬೇಯಿಸುವವರ ಮುಖಕ್ಕೆ. ಅಸ್ತ್ರ ಒಲೆಯಲ್ಲಿ ಒಂದು ಪಾತ್ರೆ ಬಿಟ್ಟ ಶಾಖ ಮುಂದಿನ ಪಾತ್ರೆಗೆ ಸಿಗುತ್ತದೆ, ಜಾಲರಿಯ ಕೆಳಗಿಂದ ಗಾಳಿ ಬರುವುದರಿಂದ ಕೆಂಡವೂ ಪೂರ್ತಿ ಉರಿಯುತ್ತದೆ. 1980ರ ದಶಕದಲ್ಲಿ ತರಬೇತಿ ಪಡೆದವರು ಅಚ್ಚು ಇಟ್ಟುಕೊಂಡು ರಾಜ್ಯದ ಹಳ್ಳಿಗಳಲ್ಲಿ ಇದನ್ನು ಕಟ್ಟಿಕೊಟ್ಟರು. ಅಚ್ಚು ಯಾಕೆ ಅಂದರೆ ಒಳದಾರಿಯ ಅಳತೆ ತಪ್ಪಿದರೆ ಎಳೆತ ಕೆಡುತ್ತದೆ, ಹೊಗೆ ಬಾಯಿಂದಲೇ ಹೊರಗೆ ಬರುತ್ತದೆ.

ಮನೆಯಲ್ಲಿ ಕಟ್ಟಿಸುವಾಗ ನೋಡಬೇಕಾದ್ದು ಮುಖ್ಯವಾಗಿ ಆ ಕೊಳವೆ. ಅದು ಛಾವಣಿಯ ಅತಿ ಎತ್ತರದ ಜಾಗಕ್ಕಿಂತ ಎರಡು ಮೂರು ಅಡಿ ಮೇಲಿರಬೇಕು. ಗೋಡೆಯಿಂದ ಸ್ವಲ್ಪ ಹೊರಗೆ ತೂರಿಸಿ ಬಿಟ್ಟರೆ ಗಾಳಿ ಬೀಸಿದಾಗ ಹೊಗೆ ವಾಪಸ್ ಒಳಗೆ ಬರುತ್ತದೆ. ಮಳೆಗೆ ತಗಡಿನ ಟೋಪಿ ಬೇಕು, ಆದರೆ ಬಾಯಿಗೆ ಅಂಟಿಕೊಂಡಂತೆ ಅಲ್ಲ. ಬೋರ್‌ವೆಲ್ ಕೆಲಸದಲ್ಲಿ ಉಳಿದ ಪ್ಲಾಸ್ಟಿಕ್ ಪೈಪ್ ಖಂಡಿತ ಬೇಡ, ಕರಗಿ ವಿಷಹೊಗೆ ಬಿಡುತ್ತದೆ. ಕಲ್ನಾರು ಪೈಪ್ ಈಗಾಗಲೇ ಇದ್ದರೆ ಅದನ್ನು ಕೊಯ್ಯುವುದು, ಒಡೆಯುವುದು ಮಾಡಬೇಡಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮರದ ತೊಲೆ, ಗರಿ ಇರುವ ಛಾವಣಿಯಲ್ಲಿ ಕೊಳವೆ ಹಾಯುವ ಕಡೆ ಸುತ್ತ ಜಾಗ ಬಿಟ್ಟು ತಗಡು ಕೂರಿಸಿ. ಬುಡದಲ್ಲಿ ಮಸಿ ತೆಗೆಯಲು ಒಂದು ಬಾಯಿ ಇರಲಿ.

ಮಸಿಯ ವಿಚಾರ ಸಣ್ಣದಲ್ಲ. ಹಸಿ ಸೌದೆ ಉರಿಸಿದರೆ ಬೆಂಕಿಯ ಒಂದು ಪಾಲು ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ, ಹೊಗೆ ತಣ್ಣಗಾಗಿ ಕೊಳವೆಯ ಒಳಗೆ ಟಾರಿನಂತೆ ಮೆತ್ತಿಕೊಳ್ಳುತ್ತದೆ. ಅದು ಎಳೆತವನ್ನು ಕಟ್ಟುತ್ತದೆ, ಒಂದು ದಿನ ಅದಕ್ಕೇ ಬೆಂಕಿ ಹತ್ತಬಹುದು. ದಿನಾ ಉರಿಸುವ ಒಲೆಯಾದರೆ ತಿಂಗಳಿಗೊಮ್ಮೆ, ಒಲೆ ಪೂರ್ತಿ ತಣ್ಣಗಿದ್ದಾಗ, ಉದ್ದ ಕೋಲಿಗೆ ಗೋಣಿ ಸುತ್ತಿ ತೆಗೆಯಿರಿ.

ಕೊಳವೆ ಎಳೆಯುತ್ತಿದೆಯೇ ಎಂದು ನೋಡಲು ಊದುಬತ್ತಿ ಸಾಕು. ಒಲೆ ಉರಿಯುವಾಗ ಸೌದೆ ಹಾಕುವ ಬಾಯಿಯ ಹತ್ತಿರ ಹಿಡಿಯಿರಿ. ಹೊಗೆ ಒಳಗೆ ಹೋದರೆ ಸರಿ, ನಿಮ್ಮ ಕಡೆಗೆ ಬಂದರೆ ಕೊಳವೆ ಕಟ್ಟಿದೆ ಅಥವಾ ಕೋಣೆಗೆ ಹೊರಗಿನ ಗಾಳಿ ಸಾಲುತ್ತಿಲ್ಲ. ಕೊಳವೆ ಇದೆಯಲ್ಲ, ಕಿಟಕಿ ಯಾಕೆ ಎಂದು ಕೇಳುವವರಿಗೆ ಉತ್ತರವೂ ಇದೇ. ಹೊರಗೆ ಹೋಗುವಷ್ಟು ಗಾಳಿ ಒಳಗೆ ಬರಲೇಬೇಕು. ಕಿಟಕಿ ಮುಚ್ಚಿ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಅದು ಚಿಮಣಿಯ ಹೊಗೆಯನ್ನೇ ಹಿಂದಕ್ಕೆ ಎಳೆದುಕೊಳ್ಳಬಹುದು.

ಗ್ಯಾಸ್ ಸಿಲಿಂಡರ್ ಮತ್ತು ಸೌದೆ ಒಲೆ ಒಂದೇ ಕೋಣೆಯಲ್ಲಿರುವುದು ನಮ್ಮ ಕಡೆ ತೀರಾ ಸಾಮಾನ್ಯ, ತೀರಾ ಕೆಟ್ಟದ್ದು ಕೂಡ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಿದು ನೆಲಮಟ್ಟದ ಕೆಂಡದ ಬಳಿಗೇ ಬರುತ್ತದೆ. ಆಗುವುದಾದರೆ ಸೌದೆ ಒಲೆಯನ್ನು ಹಿತ್ತಿಲಿಗೆ, ಮೂರು ಕಡೆ ತೆರೆದ ಮಾಡಿನ ಕೆಳಗೆ ಹಾಕಿ. ಆರಿದಂತೆ ಕಾಣುವ ಕೆಂಡಕ್ಕೆ ಸೀಮೆಎಣ್ಣೆ, ಪೆಟ್ರೋಲ್ ಸುರಿಯಬೇಡಿ, ಬಿಸಿಗೆ ಆವಿಯಾಗಿ ಭಗ್ಗನೆ ಹೊತ್ತಿ ಡಬ್ಬಿಯವರೆಗೂ ಬರುತ್ತದೆ. ಬೂದಿಯೊಳಗೆ ಕೆಂಡ ಮರುದಿನದವರೆಗೂ ಇರಬಹುದು, ತಿಪ್ಪೆಗೆ ಹಾಕುವ ಮುನ್ನ ನೀರು ಚಿಮುಕಿಸಿ.

ಹೊಗೆ ಇರುವ ಒಲೆಯೂ ನಿಧಾನವಾಗಿ ಕೊಲ್ಲುತ್ತದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬೀಡಿ ಮುಟ್ಟದ ಹೆಂಗಸರಿಗೂ ದಮ್ಮು ಬರಲು ಇದು ಒಂದು ದೊಡ್ಡ ಕಾರಣ.

ಯಾರಾದರೂ ಪ್ರಜ್ಞೆ ತಪ್ಪಿದ್ದರೆ

ಬಾಗಿಲು ಕಿಟಕಿ ತೆರೆಯಿರಿ, ಉಸಿರು ಬಿಗಿಹಿಡಿದು ಅವರನ್ನು ಹೊರಗೆ ಎಳೆದು ತನ್ನಿ. ಒಳಗೇ ನಿಂತು ಎಬ್ಬಿಸಲು ಹೋದರೆ ನೀವೂ ಬೀಳುತ್ತೀರಿ. 108ಕ್ಕೆ ಕರೆ ಮಾಡಿ. ಉಸಿರಾಟವೇ ಇಲ್ಲದಿದ್ದರೆ ಆಂಬುಲೆನ್ಸ್ ಬರುವವರೆಗೆ ಎದೆ ಒತ್ತುತ್ತಿರಿ. ಮಜ್ಜಿಗೆ, ನಿಂಬೆರಸ ಬೇಡ. ಪ್ರಜ್ಞೆ ಇಲ್ಲದವರ ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಹೋಗಬಹುದು.

ಕೋವಿಡ್ ಹೊತ್ತಿನಲ್ಲಿ ಕೊಂಡ, ಬೆರಳಿಗೆ ಹಾಕುವ ಆಕ್ಸಿಮೀಟರ್ ಮನೆಯಲ್ಲಿದೆಯೇ? ಇಲ್ಲಿ ಅದನ್ನು ನಂಬಬೇಡಿ. ಕಾರ್ಬನ್ ಮೊನಾಕ್ಸೈಡ್ ಅಂಟಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತ ಎಂದೇ ಓದುತ್ತದೆ, ಜೀವ ಹೋಗುತ್ತಿರುವಾಗಲೂ 98 ತೋರಿಸಬಹುದು. ಆಸ್ಪತ್ರೆಯಲ್ಲಿ ಹೇಳಬೇಕಾದ ಮೊದಲ ಮಾತು ‘ಕೋಣೆಯಲ್ಲಿ ಕೆಂಡ ಇತ್ತು’ ಎಂಬುದು. ಅದು ಗೊತ್ತಾದರೆ ರಕ್ತ ಪರೀಕ್ಷೆ ಮಾಡಿ ಮಾಸ್ಕ್‌ನಲ್ಲಿ ಪೂರ್ಣ ಆಮ್ಲಜನಕ ಕೊಡುತ್ತಾರೆ. ಬರೀ ಗಾಳಿಯಲ್ಲಿ ರಕ್ತದ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು, ಆಮ್ಲಜನಕದಲ್ಲಿ ಒಂದು, ಒಂದೂವರೆ ಗಂಟೆ. ಅದೇ ಕೋಣೆಯಲ್ಲಿ ಮಲಗಿದ್ದು ‘ಬರೀ ತಲೆನೋವು’ ಎನ್ನುತ್ತಿರುವವರನ್ನೂ, ಮುಖ್ಯವಾಗಿ ಗರ್ಭಿಣಿಯರನ್ನೂ ಮಕ್ಕಳನ್ನೂ, ಅದೇ ಗಾಡಿಯಲ್ಲಿ ಕರೆದುಕೊಂಡು ಹೋಗಿ.